ಮುಂಬೈಯ ಕನ್ನಡ ಶಾಲೆಯಲ್ಲಿ ಬಡ ಮಕ್ಕಳ ದುಡ್ಡು

ಸರ್, ಇಂಗ್ಲೆಂಡಿನ ಉದಾಹರಣೆ ಕೊಟ್ಟು ಕೇಳಿದ್ದೀರಿ. ಅಲ್ಲಿ 2011ರಿಂದ ಬಡ ಮಕ್ಕಳ ತಲೆ ಎಣಿಸಿ ಶಾಲೆಗೆ ಹೆಚ್ಚಿನ ದುಡ್ಡು ಕೊಡುತ್ತಾರೆ. ಹಿಂದಿನ 6 ವರ್ಷದಲ್ಲಿ ಒಮ್ಮೆಯಾದರೂ ಉಚಿತ ಊಟಕ್ಕೆ ಸೇರಿದ್ದ ಮಗು ಆ ಲೆಕ್ಕಕ್ಕೆ ಬರುತ್ತದೆ. ದುಡ್ಡು ಏನಾಯಿತು ಅಂತ ಶಾಲೆಯೇ ತನ್ನ ವೆಬ್‌ಸೈಟಿನಲ್ಲಿ ಬರೆದು ಹಾಕಬೇಕು. ಮುಂಬೈಯ ಕನ್ನಡ ಶಾಲೆಗಳಲ್ಲಿ ಹಾಗೇನಾದರೂ ಇದೆಯಾ ಅಂದಿರಿ. ಇಲ್ಲ. ಇಲ್ಲಿ ದುಡ್ಡಿಗಿಂತ ಸಾಮಾನು ಬರುವುದು ಜಾಸ್ತಿ.

ನಾನು ಜತ್ ತಾಲೂಕಿನವನು. ಸಾಂಗ್ಲಿ ಜಿಲ್ಲೆ, ರಾಜ್ಯ ಮಹಾರಾಷ್ಟ್ರ, ಮನೆಯ ಮಾತು ಸಂತೆಯ ಮಾತು ಎರಡೂ ಕನ್ನಡ. ಸಾಂಗ್ಲಿಗಿಂತ ವಿಜಯಪುರವೇ ನಮಗೆ ಹತ್ತಿರ. ಮುಂಬೈಗೆ ಬಂದು ಬಹಳ ವರ್ಷವಾಯಿತು, ಮಗಳು ಪಾಲಿಕೆಯ ಕನ್ನಡ ಶಾಲೆಯಲ್ಲಿದ್ದಾಳೆ, ನಾನು ಅಲ್ಲಿಯ ವ್ಯವಸ್ಥಾಪನ ಸಮಿತಿಯಲ್ಲಿದ್ದೇನೆ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಜನ ಮಕ್ಕಳ ತಂದೆತಾಯಂದಿರೇ ಇರಬೇಕು, ಅರ್ಧ ಹೆಂಗಸರು. ನಮ್ಮಲ್ಲಿ ಮಾತಾಡುವುದೂ ಹೆಂಗಸರೇ. ಗಂಡಸರು ಸಹಿ ಹಾಕಿ, ಕೂಲಿಗೆ ಜನ ಕರೆಯುವ ನಾಕಾಕ್ಕೆ ಓಡುತ್ತಾರೆ, ತಡವಾದರೆ ಅವತ್ತಿನ ಕೂಲಿ ಹೋಯಿತು.

ಪಾಲಿಕೆ ಶಾಲೆಗಳು ಇಲ್ಲಿ 8 ಭಾಷೆಗಳಲ್ಲಿ ನಡೆಯುತ್ತವೆ. ಮಕ್ಕಳಿಗೆ ಸಮವಸ್ತ್ರ, ಬೂಟು, ಚೀಲ, ವಹಿ ಅಂತ 27 ವಸ್ತು ಪುಕ್ಕಟೆ. ಕನ್ನಡ ಪಠ್ಯಪುಸ್ತಕವನ್ನು ಪುಣೆಯಲ್ಲಿರುವ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಛಾಪಿಸುತ್ತದೆ. ಮಧ್ಯಾಹ್ನದ ಊಟಕ್ಕೆ ಸಣ್ಣ ಮಕ್ಕಳಿಗೆ ತಲೆಗೆ 100 ಗ್ರಾಂ, 6ನೇ ತರಗತಿಯಿಂದ 150 ಗ್ರಾಂ ಧಾನ್ಯದ ಲೆಕ್ಕ. ಇದೆಲ್ಲ ಒಳ್ಳೆಯದೇ, ನಾನು ಓದುವಾಗ ನಮಗೆ ಹರಿದ ಪಾಟಿಚೀಲವೇ ಗತಿಯಾಗಿತ್ತು. ಶಾಲೆಯ ಕೈಗೇ ಬರುವ ಹಣ ಅಂದರೆ ಸಮಗ್ರ ಶಿಕ್ಷಾ ಎಂಬ ಕೇಂದ್ರದ ಯೋಜನೆಯ ಅನುದಾನ. ಮಕ್ಕಳು ನೂರರ ಒಳಗಿದ್ದರೆ ನಿಯಮದಂತೆ ವರ್ಷಕ್ಕೆ ಹೆಚ್ಚೆಂದರೆ 25,000 ರೂಪಾಯಿ, ಅದರಲ್ಲಿ ಶೇಕಡಾ 10 ಸ್ವಚ್ಛತೆಗೇ ತೆಗೆದಿಡಬೇಕು. ಉಳಿದಿದ್ದರಲ್ಲಿ ಸೀಮೆಸುಣ್ಣ, ರಿಪೇರಿ, ಕರೆಂಟ್ ಬಿಲ್ಲು. ಹಿಂದೆ ಬಿದ್ದ ಮಗುವಿಗೆ ಅಂತ ಬೇರೆ ತೆಗೆದಿಡಲು ಏನು ಉಳಿಯುತ್ತದೆ ಹೇಳಿ.

ಹಾಗಾದರೆ ಮಗುವಿನ ಹೆಸರಿಗೇ ಬರುವ ದುಡ್ಡು ಇಲ್ವಾ? ಇದೆ. ಅದು ಜಾತಿ ನೋಡಿ ಕೊಡುವ ಶಿಷ್ಯವೇತನ, ಆದರೆ ಹೊರಗಿನವರಿಗೆ ಗೊತ್ತಿಲ್ಲದ ತೊಡಕು ಅಲ್ಲೇ ಇರುವುದು. ನಮ್ಮ ಶಾಲೆಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ. ಲಂಬಾಣಿಗರು, ವಡ್ಡರು, ಹೊಲೆಯ ಮಾದಿಗರು. ವಿಜಯಪುರದ ತಾಂಡಾದಲ್ಲಿರುವ ಲಂಬಾಣಿ ಪರಿಶಿಷ್ಟ ಜಾತಿ. ಗಡಿ ದಾಟಿ ನಮ್ಮ ಜತ್‌ಗೆ ಬಂದರೆ ಅದೇ ಜನ, ಅದೇ ಮಾತು, ಬೇಕಾದರೆ ಅದೇ ಬೀಗರು, ಆದರೆ ಕಾಗದದ ಮೇಲೆ ವಿಮುಕ್ತ ಜಾತಿ, ಅದು ಬೇರೆಯೇ ಪಟ್ಟಿ. ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಮಹಾರಾಷ್ಟ್ರದಲ್ಲಿ ಜಾತಿ ದಾಖಲೆ ಬೇಕಾದರೆ ಪರಿಶಿಷ್ಟ ಜಾತಿಯ ಮನೆತನ 1950ರ ಆಗಸ್ಟ್ 10ಕ್ಕೆ ಮೊದಲೇ ಈ ರಾಜ್ಯದಲ್ಲಿ ಇತ್ತು ಅಂತ ತೋರಿಸಬೇಕು, ವಿಮುಕ್ತ ಜಾತಿಯಾದರೆ 1961ರ ನವೆಂಬರ್ 21ಕ್ಕೆ ಮೊದಲು. ಅಪ್ಪ ಬಂದದ್ದೇ ಮೊನ್ನೆ ಮೊನ್ನೆ, ಅಜ್ಜನ ಕಾಗದ ಎಲ್ಲಿಂದ ತರುತ್ತಾನೆ? ಕರ್ನಾಟಕದ ದಾಖಲೆ ಇದ್ದರೂ ಅದರ ಸವಲತ್ತು ಅಲ್ಲಿಗೇ, ಇಲ್ಲಿ ನಡೆಯುವುದಿಲ್ಲ. ಆ ಮಗು ಅಲ್ಲಿ ಇರುವುದಿಲ್ಲ, ಇಲ್ಲಿ ಲೆಕ್ಕಕ್ಕಿಲ್ಲ.

5ರಿಂದ 7ನೇ ತರಗತಿಯ ಈ ಜಾತಿಗಳ ಹುಡುಗಿಯರಿಗೆ ಸಾವಿತ್ರಿಬಾಯಿ ಫುಲೆ ಹೆಸರಿನ ಶಿಷ್ಯವೇತನ ಇದೆ, ಬಹಳ ವರ್ಷ ಅದು ತಿಂಗಳಿಗೆ 60 ರೂಪಾಯಿ ಇತ್ತು. ಒಬ್ಬ ಹುಡುಗಿಯ ಪರವಾಗಿ ನಾನೇ ಅವಳ ಅಪ್ಪನ ಜೊತೆ ಒಂದು ಕಚೇರಿಗೆ ಮೂರು ಸಲ ಹೋದೆ. ಮೂರು ದಿನದ ಬಿಗಾರಿ ಕೂಲಿ ಹೋಯಿತು. ನಾಲ್ಕನೇ ಸಲ ಕರೆದಾಗ ಅವನು ಬರಲೇ ಇಲ್ಲ, ನನಗೂ ಒತ್ತಾಯ ಮಾಡಲು ಬಾಯಿ ಬರಲಿಲ್ಲ.

ಆರ್‌ಟಿಇ ಅಡಿ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಶೇಕಡಾ 25 ಸೀಟು ಇದೆಯಲ್ಲ ಅಂತೀರಿ. ಅಲ್ಲಿ ಸರ್ಕಾರ ಆ ಶಾಲೆಗೆ ಫೀ ತುಂಬಿಕೊಡುತ್ತದೆ, ಮಗುವಿಗೆ ವರ್ಷಕ್ಕೆ 17,670 ಅಂತ ಹಲವು ವರ್ಷ ದರ ನಡೆದಿದೆ. ಸ್ವಲ್ಪ ಓಡಾಡಬಲ್ಲ ಮನೆಯವರು ಅದನ್ನು ಹಿಡಿದು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ತಪ್ಪು ಅನ್ನಲ್ಲ, ನನ್ನ ತಮ್ಮನೂ ಅದನ್ನೇ ಮಾಡಿದ. ನಮ್ಮಲ್ಲಿ ಉಳಿಯುವುದು ಏನೂ ಓಡಾಡಲಾಗದವರ ಮಕ್ಕಳು.

ಈ ಮಕ್ಕಳಿಗೆ ಬೇಕಾದದ್ದು 28ನೇ ವಸ್ತು ಅಲ್ಲ ಸರ್. ಬೇಕಾದದ್ದು ಒಬ್ಬ ಮನುಷ್ಯ. ಜಾತ್ರೆಗೆ ಊರಿಗೆ ಹೋದವರು ಎರಡು ತಿಂಗಳು ಬಿಟ್ಟು ಬರುತ್ತಾರೆ, ಕಾಗುಣಿತ ಮರೆತಿರುತ್ತಾರೆ, ಮರಾಠಿಯಂತೂ ಕೇಳಲೇಬೇಡಿ, 2020ರ ಕಾಯ್ದೆಯಿಂದ ಅದು ಎಲ್ಲ ಶಾಲೆಯಲ್ಲೂ ಕಡ್ಡಾಯ. ಅಕ್ಕೋರು ಒಬ್ಬರೇ ಎರಡು ತರಗತಿ ನೋಡಿಕೊಳ್ಳುತ್ತಾರೆ. ಅದಕ್ಕೆ ಹೋಟೆಲ್ ನಡೆಸುವ ನಮ್ಮ ತುಳುನಾಡಿನ ಇಬ್ಬರ ಹತ್ತಿರ ಕೈಚಾಚಿ, ನಾವೂ ಒಂದಿಷ್ಟು ಹಾಕಿ, ಹನ್ನೆರಡನೇ ತರಗತಿ ಪಾಸಾದ ಒಬ್ಬ ಹುಡುಗಿಯನ್ನು ಇಟ್ಟುಕೊಂಡೆವು. ಮಧ್ಯಾಹ್ನ ಎರಡು ಗಂಟೆ ಪಾಠ. ಮಗು ಎರಡು ದಿನ ಬರಲಿಲ್ಲ ಅಂದರೆ ಖೋಲಿಗೇ ಹೋಗಿ ಕೇಳುತ್ತಾಳೆ. ಈ ಖರ್ಚು ಯಾವ ಅನುದಾನದ ಕಾಲಂಗೂ ಕೂರುವುದಿಲ್ಲ, ವಹಿಯಲ್ಲಿ ‘ಇತರೆ’ ಅಂತ ಬರೆದಿದ್ದೇವೆ.

ಅವಳಿಗೆ ಈಗ ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಬಿಡುತ್ತಾಳೆ. ನಿಮಗೆ ಗೊತ್ತಿರುವ ಯಾರಾದರೂ ಇದ್ದರೆ ತಿಳಿಸಿ. ಕನ್ನಡ, ಮರಾಠಿ ಎರಡೂ ಬರಬೇಕು. ಕೊಡುವುದು 2,500, ಅದೂ ತಿಂಗಳ ಹತ್ತನೇ ತಾರೀಖಿನ ಮೇಲೆ.