ಆಪ್ತಸಲಹೆ ಪ್ರಕರಣ: ‘ನನ್ನ ಮಗ ಮೊದಲಿನಂತೆ ಆಗುತ್ತಾನೆಯೇ?’

ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಯುವಕ, ಮಂಜು ಎಂದಿಟ್ಟುಕೊಳ್ಳೋಣ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಐಟಿಐ ಮುಗಿಸಿ ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು 23ನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಊರಿಗೆ ಮರಳಿದ. ಜೊತೆಗಾರರು ಊಟದಲ್ಲಿ ಏನೋ ಬೆರೆಸುತ್ತಾರೆ, ಗೋಡೆಯಾಚೆ ನಿಂತು ತನ್ನನ್ನೇ ಬೈಯುತ್ತಾರೆ ಎನ್ನುತ್ತಿದ್ದ. ಗಾಳಿ ಸೋಕಿದೆ ಎಂದುಕೊಂಡ ಮನೆಯವರು ಅಮಾವಾಸ್ಯೆಗೊಮ್ಮೆ ಉಕ್ಕಡಗಾತ್ರಿಯ ಅಜ್ಜಯ್ಯನ (ಕರಿಬಸವೇಶ್ವರನ) ಗುಡಿಗೆ ಕರೆದೊಯ್ದರು. ವೈದ್ಯರನ್ನು ಕಂಡದ್ದು ಸುಮಾರು ಒಂದು ವರ್ಷ ಕಳೆದ ಮೇಲೆ. ಸ್ಕಿಜೋಫ್ರೀನಿಯಾ ಎಂದು ಗೊತ್ತಾಯಿತು; ಇಲ್ಲದ ದನಿಗಳು ಕೇಳಿಸುವ, ಬುಡವಿಲ್ಲದ ಅನುಮಾನಗಳು ಬಲವಾಗಿ ಕಾಡುವ ಮಾನಸಿಕ ಕಾಯಿಲೆ ಇದು. ಮಾತ್ರೆ ಶುರುವಾದ ಎರಡು ತಿಂಗಳಲ್ಲಿ ದನಿಗಳು ತಗ್ಗಿದವು. ಹುಷಾರಾದನಲ್ಲ ಎಂದು ಮಾತ್ರೆ ನಿಲ್ಲಿಸಿದರು. ಮೆಕ್ಕೆಜೋಳದ ಕಟಾವಿನ ಹೊತ್ತಿಗೆ ಕಾಯಿಲೆ ಮರುಕಳಿಸಿತು, ಮೊದಲಿಗಿಂತ ಜೋರಾಗಿ.

ಎರಡನೇ ಸಲ ಆಸ್ಪತ್ರೆ ಸೇರಿ ಹೊರಬಂದ ಮೇಲೆ ವೈದ್ಯರು ಈ ಕುಟುಂಬವನ್ನು ದಾವಣಗೆರೆಯಲ್ಲಿ ನನ್ನ ಬಳಿಗೆ ಕಳಿಸಿದರು. ತಾಯಿ ಕೇಳಿದ್ದು ಒಂದೇ: "ಮೇಡಂ, ನನ್ನ ಮಗ ಮೊದಲಿನಂತೆ ಆಗುತ್ತಾನೆಯೇ?" ಅಣ್ಣನ ದೂರು ಬೇರೆ: "ಈಗ ಅಡ್ಡಾದಿಡ್ಡಿ ಮಾತಿಲ್ಲ. ಆದರೆ ದಿನವಿಡೀ ಮಲಗಿರುತ್ತಾನೆ, ಸ್ನಾನಕ್ಕೂ ಹತ್ತು ಸಲ ಹೇಳಬೇಕು. ಇದು ಬರೀ ಸೋಮಾರಿತನ."

"ಸಾಧ್ಯತೆ ಖಂಡಿತ ಇದೆ ಅಮ್ಮಾ" ಎಂದೆ. ಬರೀ ಸಮಾಧಾನಕ್ಕೆ ಆಡಿದ ಮಾತಲ್ಲ. ಈ ಕಾಯಿಲೆ ಬಂದ ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ವರ್ಮಾಂಟ್‌ನಲ್ಲಿ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಕಳೆದಿದ್ದವರನ್ನು ದಶಕಗಳ ನಂತರ ಹುಡುಕಿ ಮಾತನಾಡಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚೇತರಿಸಿಕೊಂಡಿದ್ದರು ಇಲ್ಲವೇ ಬಹಳ ಸುಧಾರಿಸಿದ್ದರು. ದನಿ ಆಗಾಗ ಕೇಳಿಸುತ್ತಿದ್ದರೂ ದುಡಿದು, ನಾಲ್ಕು ಜನರೊಡನೆ ಬೆರೆತು ಬಾಳುವವರಿದ್ದಾರೆ. ಅದನ್ನೂ ನಾನು ಚೇತರಿಕೆ ಎಂದೇ ಕರೆಯುತ್ತೇನೆ. ಕೆಲವರಿಗೆ ಕಾಯಿಲೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಎರಡು ಬಗೆಯ ಔಷಧಕ್ಕೂ ಜಗ್ಗದಿದ್ದಾಗ ಕ್ಲೋಜಪಿನ್ ಇದೆ. ಅದಕ್ಕೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ಅಣ್ಣನ ಜೊತೆಗೇ ಹೆಚ್ಚು ಹೊತ್ತು ಕಳೆದೆ. ಉತ್ಸಾಹ ಬತ್ತುವುದು, ಮುಖದ ಭಾವ ಮಂಕಾಗುವುದು, ಮಾತು ಕಡಿಮೆಯಾಗುವುದು ಈ ಕಾಯಿಲೆಯದೇ ಲಕ್ಷಣಗಳು. ದನಿಗಳು ಅಡಗಿದ ಮೇಲೂ ಇವು ತಿಂಗಳುಗಟ್ಟಲೆ ಉಳಿಯಬಹುದು, ಮಾತ್ರೆಗೂ ಅಷ್ಟು ಬೇಗ ಮಣಿಯುವುದಿಲ್ಲ. ಸದಾ ಮೂದಲಿಕೆ, ಕೋಪ ಇರುವ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಅತಿಯಾದ ಕಾವಲಿನಿಂದಲೂ ಹಾಗೆಯೇ; ಅದು ತಾಯಿಗೆ ಹೇಳಬೇಕಾದ ಮಾತಾಗಿತ್ತು. ಹೀಗಾಗಿ ದಿನಕ್ಕೆ ಒಂದೇ ಕೆಲಸ, ಅದೂ ಮಂಜುವೇ ಆರಿಸಿಕೊಂಡದ್ದು ಎಂದು ಗೊತ್ತುಮಾಡಿದೆವು. ಅವನು ಎಮ್ಮೆಗೆ ನೀರು ಕುಡಿಸುವುದನ್ನು ಆರಿಸಿದ.

ಮಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉಕ್ಕಡಗಾತ್ರಿಗೆ ಹೋಗಬೇಡಿ ಎನ್ನಲಿಲ್ಲ. ಅಜ್ಜಯ್ಯನ ಮೇಲಿನ ಭಕ್ತಿ ಆ ತಾಯಿಯನ್ನು ಗಟ್ಟಿಯಾಗಿ ನಿಲ್ಲಿಸಿದೆ. ಹೋಗುವಾಗ ಮಾತ್ರೆಯೂ ಚೀಲದಲ್ಲಿರಲಿ ಎಂದೆ. ಮೈ ತೂಕ, ತೂಕಡಿಕೆ, ಕೈನಡುಕ ಹೆಚ್ಚಾದರೆ ವೈದ್ಯರಿಗೆ ತಿಳಿಸಿ ಡೋಸ್ ಬದಲಿಸಿಕೊಳ್ಳಬೇಕೇ ಹೊರತು ತಾವಾಗಿಯೇ ನಿಲ್ಲಿಸಬಾರದು. ನಿದ್ದೆ ಕೆಡುವುದು, ಊಟದ ಮೇಲೆ ಅನುಮಾನ, ಒಬ್ಬನೇ ಗೊಣಗುವುದು ಮಂಜುವಿನ ಮಟ್ಟಿಗೆ ಮುನ್ಸೂಚನೆಗಳು. ಅವನೇ ನೆನಪಿಸಿಕೊಂಡು ಹೇಳಿದ್ದನ್ನು ಅಣ್ಣ ಬರೆದುಕೊಂಡ. ಅಂಥ ದಿನ ಮುಂದಿನ ತಪಾಸಣೆಗೆ ಕಾಯದೆ ಆಸ್ಪತ್ರೆಗೆ ಬರಬೇಕು. ಅಪರಾತ್ರಿಯಲ್ಲಿ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಸೋದರಮಾವ ಹೆಣ್ಣು ನೋಡತೊಡಗಿದ್ದರು. ಈ ಮಾತಿಗೆ ಬಲಿಯಾದ ಹೆಣ್ಣುಮಕ್ಕಳನ್ನು ಕಂಡು ನನಗೆ ಸಂಕಟವಾಗಿದೆ. ಮದುವೆ ಔಷಧವಲ್ಲ. ಮಂಜು ಸ್ಥಿರವಾಗಿ, ತಾನೇ ಬಯಸಿದಾಗ, ಹುಡುಗಿಗೂ ಅವಳ ಮನೆಯವರಿಗೂ ಕಾಯಿಲೆಯನ್ನು ತಿಳಿಸಿ ಮುಂದುವರಿಯಿರಿ ಎಂದೆ. ಮಾವನಿಗೆ ಸಿಟ್ಟು ಬಂತು. ಆದರೂ ಸಂಬಂಧ ಹುಡುಕುವುದನ್ನು ನಿಲ್ಲಿಸಿ, ತಮಗೆ ಪರಿಚಯವಿದ್ದ ಮಂಡಕ್ಕಿ ಭಟ್ಟಿಯಲ್ಲಿ ಮಂಜುವಿಗೆ ಕೆಲಸ ಕೇಳಿದರು. ಈ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಸೆಕೆ ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಒಲೆಯ ಬಳಿ ಬೇಡ, ರಾತ್ರಿ ಪಾಳಿಯೂ ಬೇಡ ಎಂದು ತಿಳಿಸಿದೆ.

ಈಗ ಅವನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಂಡಕ್ಕಿ ಚೀಲಗಳ ಬಾಯಿ ಹೊಲಿಯುತ್ತಾನೆ. ಸಂಜೆ ಕೆಲವೊಮ್ಮೆ ದನಿ ಕೇಳಿಸುತ್ತದೆಯಂತೆ. ರೇಡಿಯೋ ಹಚ್ಚಿಕೊಂಡು ಕುಳಿತರೆ ತಗ್ಗುತ್ತದೆ ಎಂದ. ಪೂರ್ತಿ ದಿನದ ಕೆಲಸ ಬೇಕೆಂದು ಈ ಸಲ ಅವನೇ ಕೇಳಿದ್ದಾನೆ. ಇನ್ನೆರಡು ತಿಂಗಳು ನಿದ್ದೆ ಹೀಗೆಯೇ ಸರಿಯಿದ್ದರೆ ಒಂದೊಂದು ಗಂಟೆ ಹೆಚ್ಚಿಸೋಣ ಎಂದಿದ್ದೇನೆ.