ಜೈಪುರದ ಖರ್ಚು ತೀರಿಸಲು ಹೊರಟ ಹುಡುಗಿ

ಈ ಹುಡುಗಿಯನ್ನು ವೀಣಾ ಎಂದು ಕರೆಯೋಣ. ಹೆಸರು, ಊರು, ಮನೆಯವರ ಕೆಲಸ ಎಲ್ಲವನ್ನೂ ಬದಲಾಯಿಸಿದ್ದೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನನ್ನ ಬಳಿ ಆಪ್ತಸಲಹೆಗೆ ಬಂದಾಗ ವಯಸ್ಸು 21. ಹಾವೇರಿ ಜಿಲ್ಲೆಯವಳು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಕೊನೆಯ ವರ್ಷ. ಅಪ್ಪ ಇಲ್ಲ. ಅಣ್ಣ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಮನೆ ನಡೆಸುತ್ತಾನೆ. ಫೀಸಿಗೆ ಬ್ಯಾಂಕಿನ ಶಿಕ್ಷಣ ಸಾಲ.

"ಐಡಿಯಾನೇ ಬರ್ತಿಲ್ಲ ಮೇಡಂ" ಎನ್ನುವುದು ಅವಳ ದೂರು. ಗ್ರ್ಯಾಜುಯೇಷನ್ ಕಲೆಕ್ಷನ್‌ಗೆ ಆರು ಉಡುಪು ಮಾಡಬೇಕು. ಮೂಡ್ ಬೋರ್ಡ್, ಅಂದರೆ ಸ್ಫೂರ್ತಿ ಕೊಡುವ ಚಿತ್ರ, ಬಣ್ಣಗಳನ್ನು ಒಂದೆಡೆ ಜೋಡಿಸಿಕೊಳ್ಳುವ ಹಂತವೇ ದಾಟಿಲ್ಲ. ಕಾಗದ ಮುಂದಿಟ್ಟುಕೊಂಡರೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಮೂರರವರೆಗೆ ಫೋನಿನಲ್ಲಿ ಚಿತ್ರ ನೋಡುತ್ತಾಳೆ, ಸೇವ್ ಮಾಡುತ್ತಾಳೆ, ಬೆಳಗ್ಗೆ ಕ್ಲಾಸಿಗೆ ಹೋಗುವುದಿಲ್ಲ. ಮೆಸ್ಸಿನ ಊಟ ಬಿಟ್ಟು ಬಿಸ್ಕತ್ತು, ಚಹಾದಲ್ಲಿ ದಿನ ಕಳೆಯುತ್ತಾಳೆ. ತೂಕ ಇಳಿದಿತ್ತು.

ಇಂಥ ದೂರು ಕೇಳಿದಾಗ ಕಲೆಯ ಬಗ್ಗೆ ಮಾತಾಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ಬೇರೆ. ನಿದ್ದೆ ಇಲ್ಲ, ಊಟ ಇಲ್ಲ, ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗ ಬೇಡವಾಗಿದೆ. ಇವು ಖಿನ್ನತೆಯ ಲಕ್ಷಣಗಳೂ ಆಗಿರಬಹುದು. ಹಾಗಾಗಿ ನೇರವಾಗಿ ಕೇಳಿದೆ: "ಬದುಕೋದೇ ಬೇಡ ಅಂತ ಅನ್ನಿಸಿದ್ದುಂಟಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಎಷ್ಟೋ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ವೀಣಾ "ಇಲ್ಲ ಮೇಡಂ, ಓಡಿಹೋಗಬೇಕು ಅನ್ನಿಸುತ್ತೆ ಅಷ್ಟೇ" ಎಂದಳು. ಆದರೂ ಒಬ್ಬ ಮನೋವೈದ್ಯರನ್ನು ನೋಡಲು ಕಳಿಸಿದೆ. ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಸಿ, ನಿದ್ದೆ ಸರಿಹೋಗದಿದ್ದರೆ ಮತ್ತೆ ಬನ್ನಿ ಎಂದರು. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಕರೆ ಮಾಡಲು ಟೆಲಿ ಮಾನಸ್ ಸಂಖ್ಯೆ 14416 ಕೊಟ್ಟೆ. ಅದು ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ.

ಇನ್ನು ಅವಳ ಕಥೆ. ಮೂರನೇ ವರ್ಷದ ಜ್ಯೂರಿಯಲ್ಲಿ, ಅಂದರೆ ಪರಿಣತರು ವಿದ್ಯಾರ್ಥಿಗಳ ಕೆಲಸ ನೋಡಿ ಅಭಿಪ್ರಾಯ ಹೇಳುವ ದಿನ, ಹೊರಗಿನಿಂದ ಬಂದ ಡಿಸೈನರ್ ಒಬ್ಬರು ಅವಳ ಕೆಲಸ ನೋಡಿ, "ಇದನ್ನೆಲ್ಲ ಈಗಾಗಲೇ ಎಲ್ಲೋ ನೋಡಿದ ಹಾಗಿದೆ" ಎಂದಿದ್ದರು. ಅದೇ ದಿನ ಗೆಳತಿಯೊಬ್ಬಳ ಪೋರ್ಟ್‌ಫೋಲಿಯೊಗೆ ತುಂಬಾ ಮೆಚ್ಚುಗೆ ಬಂತು. ಆ ಹುಡುಗಿ ಅಪ್ಪ ಅಮ್ಮನ ಜೊತೆ ಜಪಾನಿಗೆ ಹೋಗಿ ಬಂದಿದ್ದಳು. ಕ್ಯೋಟೋದ ದೇವಸ್ಥಾನಗಳ ಮರದ ಜೋಡಣೆ ನೋಡಿ ಒಂದು ಜಾಕೆಟ್ ಮಾಡಿದ್ದಳು. ವೀಣಾಗೆ ಅಲ್ಲೇ ತೀರ್ಮಾನವಾಯಿತು: ನನಗೆ ಪ್ರವಾಸ ಇಲ್ಲ, ಅದಕ್ಕೇ ಸ್ಫೂರ್ತಿ ಇಲ್ಲ.

ಈ ಮಾತಿನಲ್ಲಿ ಅರ್ಧ ನಿಜ ಇದೆ. ದುಡ್ಡಿರುವ ಮಕ್ಕಳು ಜಾಸ್ತಿ ನೋಡುತ್ತಾರೆ. ದೊಡ್ಡ ಮ್ಯೂಸಿಯಂ, ಬಟ್ಟೆಯ ಮೂಲ ಮಾದರಿ, ಒಳ್ಳೆಯ ಫ್ಯಾಬ್ರಿಕ್ ಎಲ್ಲವೂ ಅವರ ಕೈಗೆ ಬೇಗ ಸಿಗುತ್ತವೆ. "ಹಾಗೆಲ್ಲ ಇಲ್ಲ, ಪ್ರತಿಭೆ ಒಂದೇ ಸಾಕು" ಎಂದು ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು, ಅವಳಿಗೆ ಅದು ತಕ್ಷಣ ಗೊತ್ತಾಗುತ್ತಿತ್ತು.

ಮುಂದಿನ ಸೆಮಿಸ್ಟರ್ ರಜೆಯಲ್ಲಿ ನಾಲ್ಕು ಜನ ಗೆಳತಿಯರು ಜೈಪುರಕ್ಕೆ ಹೊರಟರು. ವೀಣಾ ಕೂಡ ಹೊರಟಳು. ಖರ್ಚು ಅಣ್ಣ ಕೊಟ್ಟ. ಹಳೆಯದಾದರೂ ಒಂದು ಬೈಕ್ ತಗೊಳ್ಳೋಣ ಎಂದು ಅವನು ಕೂಡಿಟ್ಟಿದ್ದ ಹಣ ಅದು. ನಾಲ್ಕು ದಿನ ತಿರುಗಿದರು. ಹವಾ ಮಹಲ್, ಜಂತರ್ ಮಂತರ್, ಅಮೇರ್ ಕೋಟೆ, ಅಲ್ಲಿನ ಮೆಟ್ಟಿಲು ಬಾವಿ, ಬಣ್ಣ ಬಣ್ಣದ ಪತ್ರಿಕಾ ಗೇಟ್. ಒಂದು ಮಧ್ಯಾಹ್ನ ಮಾತ್ರ ಬಗ್ರುವಿಗೆ ಹೋದರು. ಜೈಪುರದಿಂದ ಸುಮಾರು 30 ಕಿಲೋಮೀಟರ್ ದೂರದ, ಅಚ್ಚಿನ ಬಟ್ಟೆಗೆ ಹೆಸರಾದ ಊರು. ಫೋನ್ ತುಂಬ ಫೋಟೋ. ಬೆಂಗಳೂರಿಗೆ ಬಂದು ಒಂದೊಂದೇ ಫೋಟೋ ನೋಡುತ್ತಾ ಕೂತರೆ ಒಂದು ಗೆರೆಯೂ ಹುಟ್ಟಲಿಲ್ಲ. ಎಲ್ಲ ಫೋಟೋವೂ ಬೇರೆಯವರು ಹಾಕಿದ ಫೋಟೋ ಥರಾನೇ ಕಾಣುತ್ತಿತ್ತು.

ಇಷ್ಟನ್ನು ಮೊದಲ ಭೇಟಿಯಲ್ಲೇ ಹೇಳಿದಳು. ಅಣ್ಣನ ವಿಷಯದ ಉಳಿದರ್ಧ ಹೊರಬರಲು ಸಮಯ ಹಿಡಿಯಿತು. ಪ್ರತಿ ಬಾರಿ ಅಣ್ಣನ ಮಾತು ಬಂದಾಗಲೂ ಬೇಗ ಬೇಗ ದಾಟಿಹೋಗುತ್ತಿದ್ದಳು. ಅವನ ಫೋನ್ ಬಂದರೆ ಎತ್ತುವುದಿಲ್ಲ, ಆಮೇಲೆ "ಲ್ಯಾಬಲ್ಲಿದ್ದೆ" ಎಂದು ಮೆಸೇಜ್ ಹಾಕುತ್ತಾಳೆ. ಯಾಕೆ ಎಂದು ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು ಹೇಳಿದಳು: "ಅದು ಕಾಲೇಜ್ ಟ್ರಿಪ್ ಅಂತ ಹೇಳಿದ್ದೆ ಮೇಡಂ. ಹೋಗದಿದ್ರೆ ಮಾರ್ಕ್ಸ್ ಕಟ್ ಅಂತ."

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ವೀಣಾಗೆ ಸ್ಫೂರ್ತಿಯ ಕೊರತೆ ಇರಲಿಲ್ಲ. ಅವಳ ಮೇಲೆ ಅಣ್ಣನ ದುಡ್ಡಿನ ಸಾಲ ಇತ್ತು, ಆ ಸಾಲದ ಕೆಳಗೆ ಒಂದು ಸುಳ್ಳಿತ್ತು. ನೋಡಿದ ಪ್ರತಿ ಕಮಾನು, ಪ್ರತಿ ಕಿಟಕಿ ಅಣ್ಣನ ಬೈಕಿನ ದುಡ್ಡಿಗೆ ಸಮ ಆಗಬೇಕಿತ್ತು. ಬರೆಯುವ ಪ್ರತಿ ಗೆರೆ ಆ ಸುಳ್ಳನ್ನು ಸರಿಮಾಡಬೇಕಿತ್ತು. ಅಷ್ಟು ಭಾರ ಹೊತ್ತ ಮೇಲೆ ಕೈ ಆಡುವುದು ಹೇಗೆ? ಜೈಪುರದಲ್ಲಿ ನಿಂತಾಗಲೂ ಅವಳು ನೋಡುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದಳು. ಫೋಟೋಗಳೆಲ್ಲ ಖರ್ಚಿಗೆ ರಸೀದಿ.

ಸಲಹೆ ಎರಡು ಕಡೆಯಿಂದ ನಡೆಯಿತು. ಒಂದು, ಆ ಸಾಲವನ್ನು ಚಿತ್ರದಿಂದ ಬೇರೆ ಮಾಡುವುದು. ಇನ್ನೊಂದು, ನೋಡುವುದನ್ನು ಮತ್ತೆ ಶುರುಮಾಡುವುದು.

ಮೊದಲ ಎರಡು ವಾರ ಕಲೆಕ್ಷನ್ ಮಾತೇ ಬೇಡ ಎಂದೆ. ರಾತ್ರಿ ಹನ್ನೊಂದಕ್ಕೆ ಫೋನು ರೂಮ್‌ಮೇಟ್ ಕೈಗೆ. ಬೆಳಗ್ಗೆ ಮೆಸ್ಸಿನಲ್ಲಿ ತಿಂಡಿ, ಅದೂ ಯಾರ ಜೊತೆಗಾದರೂ ಕೂತು. ಫ್ಯಾಷನ್ ಕಾಲೇಜುಗಳಲ್ಲಿ ಸಬ್ಮಿಷನ್ ಹಿಂದಿನ ರಾತ್ರಿಯೆಲ್ಲ ಎದ್ದಿರುವುದನ್ನು ಹೆಮ್ಮೆಯ ವಿಷಯದ ಹಾಗೆ ಹೇಳಿಕೊಳ್ಳುತ್ತಾರೆ. ನನಗೆ ಇದು ಸಿಟ್ಟು ತರಿಸುತ್ತದೆ. ನಿದ್ದೆಗೆಟ್ಟ ಮಗು ಕತ್ತರಿ, ಸೂಜಿ, ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ಕೆಲಸ ಮಾಡುತ್ತದೆ ಎನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಮಕ್ಕಳ ಮನಸ್ಸಿಗಾಗಿ ಶಿಕ್ಷಕರು ಬೇರೇನೂ ಮಾಡಲಾಗದಿದ್ದರೂ ಸಬ್ಮಿಷನ್ ಹೊತ್ತನ್ನು ಬೆಳಗ್ಗೆಯಿಂದ ಸಂಜೆಗೆ ಬದಲಾಯಿಸಬಹುದು.

ಜ್ಯೂರಿಯ ಮಾತನ್ನು ಹೇಗೆ ಕೇಳಿದಳೋ ಹಾಗೆ ಬರೆಯಲು ಹೇಳಿದೆ. "ನಿನಗೆ ಈ ಫೀಲ್ಡ್ ಆಗಲ್ಲ ಅಂದರು" ಎಂದು ಬರೆದಳು. ಪಕ್ಕದಲ್ಲಿ, ಅವರ ಬಾಯಿಂದ ಬಂದ ಮಾತನ್ನು ಮಾತ್ರ ಬರೆಯಲು ಹೇಳಿದೆ. ಜೊತೆಗಿದ್ದ ಗೆಳತಿಯನ್ನೂ ಕೇಳಿಕೊಂಡು ಬಂದಳು. ಅವರು ಅಂದಿದ್ದು ಎರಡೇ ಮಾತು: ಎಲ್ಲೋ ನೋಡಿದ ಹಾಗಿದೆ, ಆದರೆ ಕಟಿಂಗ್ ತುಂಬಾ ಶುದ್ಧವಾಗಿದೆ. ಎರಡನೇ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ.

ಕಟಿಂಗ್ ಎಂದ ಕೂಡಲೇ ನನಗೆ ಒಂದು ಎಳೆ ಸಿಕ್ಕಂತಾಯಿತು. ನಿಮಗೆ ಇಷ್ಟವಾದ ಒಂದು ಉಡುಪಿನ ಬಗ್ಗೆ ಹೇಳಿ ಎಂದೆ. ಫ್ರಾನ್ಸಿನ ಈವ್ ಸಾಂ ಲೊರಾಂ 1965ರಲ್ಲಿ ಮಾಡಿದ ಮೊಂಡ್ರಿಯನ್ ಡ್ರೆಸ್ ಬಗ್ಗೆ ಹೇಳತೊಡಗಿದಳು. ನೆಟ್ಟಗೆ ಇಳಿದ ಬಿಳಿ ಉಡುಪು, ಮೇಲೆ ಕಪ್ಪು ಪಟ್ಟಿ, ಕೆಂಪು, ಹಳದಿ, ನೀಲಿ ಚೌಕ. ಡಚ್ ಕಲಾವಿದ ಮೊಂಡ್ರಿಯನ್‌ನ ಚಿತ್ರಗಳಿಂದ ಬಂದದ್ದು. ಎಲ್ಲರೂ ಅದನ್ನು ಬಟ್ಟೆ ಮೇಲೆ ಪ್ರಿಂಟ್ ಮಾಡಿದ್ದು ಅಂದುಕೊಳ್ಳುತ್ತಾರಂತೆ. "ಅಲ್ಲ ಮೇಡಂ. ಪ್ರತಿ ಚೌಕವೂ ಬೇರೆ ಬೇರೆ ತುಂಡು. ಉಣ್ಣೆಯ ಜರ್ಸಿ ಬಟ್ಟೆಯನ್ನ ಕತ್ತರಿಸಿ ಜೋಡಿಸಿದ್ದಾರೆ. ಮೈಗೆ ಸರಿಯಾಗಿ ಕೂರೋಕೆ ಬೇಕಾದ ಶೇಪೆಲ್ಲ ಆ ಹೊಲಿಗೆಯೊಳಗೇ ಅಡಗಿಸಿದ್ದಾರೆ. ಶೇಪಿಗೆ ಹಾಕೋ ಮಡಿಕೆ ಹೊಲಿಗೆ, ಡಾರ್ಟ್ ಅಂತೀವಲ್ಲ, ಅದು ಕಾಣೋದೇ ಇಲ್ಲ." ಹೇಳುತ್ತಾ ನನ್ನ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಹೊಲಿಗೆ ಎಲ್ಲೆಲ್ಲಿ ಬರುತ್ತದೆ ಎಂದು ಗೆರೆ ಹಾಕಿದಳು. ಕಾಗದ ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದಿದ್ದವಳು!

ವೀಣಾ ಬಣ್ಣದ ಹುಡುಗಿಯಲ್ಲ, ಹೊಲಿಗೆಯ ಹುಡುಗಿ. ಬಟ್ಟೆಯ ಒಳಭಾಗ ಹೇಗಿದೆ ಎಂದು ನೋಡುವ ಕಣ್ಣು ಅವಳದು. ಹಾಗಿದ್ದರೂ ಬೇರೆಯವರ ಮೂಡ್ ಬೋರ್ಡ್ ನೋಡಿ, ಚಂದದ ಹೊರಮೈಯ ಫೋಟೋಗಳನ್ನೇ ಹುಡುಕಿಕೊಂಡು ಹೋಗಿದ್ದಳು.

ಆಮೇಲೆ ಒಂದು ಅಭ್ಯಾಸ ಕೊಟ್ಟೆ. ಜೈಪುರದ ಫೋಟೋಗಳನ್ನು ಅಳಿಸುವುದು ಬೇಡ, ತೆರೆಯುವುದೂ ಬೇಡ. ದಿನಕ್ಕೆ ಹತ್ತು ನಿಮಿಷ, ಪೆನ್ಸಿಲ್ ಹಿಡಿದು, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಚಿತ್ರವಾಗಿ ಬರೆಯಬೇಕು. ಚಂದ ಬರದಿದ್ದರೂ ಚಿಂತೆಯಿಲ್ಲ. ಯಾರಿಗೂ ತೋರಿಸುವ ಹಾಗಿಲ್ಲ. ಪಕ್ಕದಲ್ಲಿ ಶಬ್ದ, ವಾಸನೆ, ಕಾಲಿಗೆ ತಾಗಿದ್ದು, ಏನು ನೆನಪಾದರೂ ಬರೆದುಕೊಳ್ಳಬೇಕು.

ಕೋಟೆ, ಮಹಲು ಒಂದೂ ಬರಲಿಲ್ಲ. ಬಗ್ರುವಿನ ಆ ಮಧ್ಯಾಹ್ನ ಬಂತು. ಮರದ ಅಚ್ಚನ್ನು ಬಟ್ಟೆಯ ಮೇಲಿಟ್ಟು ಅಂಗೈಯಿಂದ ಗುದ್ದುವ ಸದ್ದು. ದಾಬು ಎನ್ನುವ ಅಚ್ಚಿನ ಕೆಲಸಕ್ಕೆ ಬಳಸುವ ಮಣ್ಣಿನ ವಾಸನೆ. ಕೆರೆಮಣ್ಣು, ಸುಣ್ಣ, ಅಂಟು ಎಲ್ಲ ಕಲಸಿ ಅಚ್ಚಿನಿಂದ ಬಟ್ಟೆಗೆ ಒತ್ತುತ್ತಾರೆ, ಮೇಲೆ ಮರದ ಪುಡಿ ಉದುರಿಸಿ ಬಿಸಿಲಿಗೆ ಒಣಗಿಸುತ್ತಾರೆ. ನೀಲಿಯಲ್ಲಿ ಅದ್ದಿದಾಗ ಮಣ್ಣಿರುವ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಇದೆಲ್ಲ ಅವಳು ಕಾಲೇಜಿನಲ್ಲಿ ಓದಿದ್ದೇ. ಆದರೆ ಓದಿರದ ಒಂದು ಸಂಗತಿ ನೆನಪಾಯಿತು. ಅಚ್ಚು ಹಾಕುವ ಮೇಜಿನ ಮೇಲೆ, ಮಾರುವ ಬಟ್ಟೆಯ ಕೆಳಗೆ, ಇನ್ನೊಂದು ಬಟ್ಟೆ ಹಾಸಿರುತ್ತಾರೆ. ಮೇಲಿನ ಬಟ್ಟೆಯಿಂದ ಇಳಿದ ಬಣ್ಣವನ್ನು ಅದು ಹೀರಿಕೊಳ್ಳುತ್ತದೆ. ಹೂವಿನ ಮೇಲೆ ಹೂವು, ಬಳ್ಳಿಯ ಮೇಲೆ ಬಳ್ಳಿ, ಯಾರೂ ಬೇಕೆಂದು ಮಾಡಿರದ ಗುರುತುಗಳು. ವೀಣಾ ಅದರ ಮುಂದೆ ಸುಮಾರು ಹೊತ್ತು ನಿಂತಿದ್ದಳಂತೆ. ಫೋಟೋ ಮಾತ್ರ ತೆಗೆದಿರಲಿಲ್ಲ. ಖರ್ಚಿನ ಲೆಕ್ಕ ಮರೆತು ಅವಳು ನೋಡಿದ್ದು ಅದೊಂದನ್ನೇ ಎಂದು ನನಗನ್ನಿಸುತ್ತದೆ.

ಕೆಳಗಿನ ಬಟ್ಟೆ ಎಂದರೆ ಉಡುಪಿನಲ್ಲಿ ಲೈನಿಂಗ್, ಅಲ್ವಾ? ಈ ಮಾತು ಅವಳೇ ಆಡಿದಳು. ಹೊರಗೆ ಸಾದಾ ಹತ್ತಿ, ಒಳಗೆ ಅಚ್ಚಿನ ಮೇಲೆ ಅಚ್ಚು ಬಿದ್ದ ಲೈನಿಂಗ್. ನಡೆದಾಗ, ತೋಳು ಮಡಚಿದಾಗ ಮಾತ್ರ ಕಾಣಬೇಕು.

ಆ ಖುಷಿಯ ಬೆನ್ನಿಗೇ ಹೊಸ ಹೆದರಿಕೆ. "ಅದು ಅವರ ಬಟ್ಟೆ. ನಾನು ತಗೊಂಡ್ರೆ ಕದ್ದ ಹಾಗಾಗಲ್ವಾ ಮೇಡಂ?" ಈ ಪ್ರಶ್ನೆಯನ್ನು ನಾನು ಆತಂಕ ಎಂದು ತಳ್ಳಿಹಾಕಲಿಲ್ಲ. ಅದು ಒಳ್ಳೆಯ ಪ್ರಶ್ನೆ. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಕೊಲ್ಹಾಪುರಿ ಥರದ ಚಪ್ಪಲಿ ತೋರಿಸಿ, ಮೂಲ ಎಲ್ಲಿಯದೆಂದು ಹೇಳದೆ ಟೀಕೆಗೆ ಒಳಗಾಗಿತ್ತು. ಮೂಲ ಭಾರತದ್ದು ಎಂದು ಆಮೇಲೆ ಒಪ್ಪಿಕೊಂಡಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಇಂಥ ಪ್ರದೇಶದ್ದೇ ಎಂದು ಸರ್ಕಾರ ಕೊಡುವ ಜಿಐ ಮಾನ್ಯತೆ) ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಹಾಗಾಗಿ ಕಾಲೇಜಿನಲ್ಲೂ ಇದರ ಚರ್ಚೆ ಆಗಿತ್ತು. ನಾನು ಕೇಳಿದ್ದು ಇಷ್ಟೇ: "ಆ ಕುಶಲಕರ್ಮಿಗೆ ಗೊತ್ತಾದರೆ ನಿಮಗೆ ನಾಚಿಕೆ ಆಗುತ್ತಾ?" ಆಗಲ್ಲ ಎನ್ನುವ ಹಾಗೆ ಕೆಲಸ ಮಾಡಿ ಎಂದೆ. ಬಗ್ರುವಿನಲ್ಲಿ ಕೊಟ್ಟಿದ್ದ ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, ತನಗೆ ಬರುವ ಹಿಂದಿಯಲ್ಲೇ ವಿಷಯ ಹೇಳಿ ಒಪ್ಪಿಗೆ ಕೇಳಿದಳು. ಲೈನಿಂಗ್ ಬಟ್ಟೆಯನ್ನು ಅವರಿಂದಲೇ ಅಚ್ಚು ಹಾಕಿಸಿ, ಕೂಲಿ ಕೊಟ್ಟು ತರಿಸಿದಳು. ಪ್ರಾಜೆಕ್ಟ್ ಪುಸ್ತಕದಲ್ಲಿ ಅವರ ಹೆಸರು ಹಾಕಿದಳು.

ಅಣ್ಣನ ವಿಷಯ ಇಷ್ಟು ಸುಲಭವಾಗಲಿಲ್ಲ. ಮೊದಲು, ಅಣ್ಣನಿಗೆ ಕಳಿಸದೆ ಇಟ್ಟುಕೊಳ್ಳುವ ಪತ್ರವೊಂದನ್ನು ಬರೆಯಿಸಿದೆ. ಅದರಲ್ಲಿ ಕ್ಷಮೆ ಒಂದು ಸಾಲು, ಸಮಜಾಯಿಷಿ ಎರಡು ಪುಟ. ಸಮಜಾಯಿಷಿ ತೆಗೆದು ಮತ್ತೆ ಬರೆಯಿರಿ ಎಂದೆ. ಕಲೆಕ್ಷನ್ ಮುಗಿದು ಬಹುಮಾನ ಬಂದ ಮೇಲೆ ಹೇಳುತ್ತೇನೆ ಎಂದು ಅವಳ ಹಟ. ಅದಕ್ಕೆ ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮತ್ತೆ ಚಿತ್ರದ ತಲೆ ಮೇಲೆ ಸಾಲ ಬಂದು ಕೂರುತ್ತದೆ. ಹೇಳುವುದಾದರೆ ಕೈಯಲ್ಲಿ ಏನೂ ಇಲ್ಲದಾಗಲೇ ಹೇಳಬೇಕು, ಅದೂ ಫೋನಿನಲ್ಲಿ ಬೇಡ, ಊರಿಗೆ ಹೋಗಿ ಹೇಳಿ ಎಂದೆ.

ಯುಗಾದಿಗೆ ಹೋದಾಗ ಹೇಳಿದಳು. ಅಣ್ಣ ತಟ್ಟೆ ಸರಿಸಿ ಎದ್ದುಹೋದನಂತೆ. ಅವಳು ಬೆಂಗಳೂರಿಗೆ ಬಂದ ಮೇಲೂ ಒಂದು ವಾರ ಮಾತಿಲ್ಲ. ಆ ವಾರ ವೀಣಾ ತುಂಬಾ ಅತ್ತಳು, ಆದರೆ ನಿದ್ದೆ ಮಾಡಿದಳು. ಆಮೇಲೆ ಅವನೇ ಫೋನ್ ಮಾಡಿದ. "ರೊಕ್ಕದ್ದು ಬಿಡು. ಹೋಗಬೇಕಂತ ಆಸೆ ಆಗೇತಿ ಅಂದ್ರ ನಾ ಬ್ಯಾಡ ಅಂತಿದ್ನೇನು? ಸುಳ್ಳು ಯಾಕ ಹೇಳ್ದಿ?" ಅವಳ ಬಳಿ ಉತ್ತರ ಇರಲಿಲ್ಲ. "ನೀ ಬ್ಯಾಡ ಅಂತಿ ಅಂತ ಅಂಜಿದ್ದೆ" ಎಂದಷ್ಟೇ ಹೇಳಿದಳು. ದುಡ್ಡನ್ನು ತಿಂಗಳಿಗಿಷ್ಟು ಅಂತ ತೀರಿಸುವುದು ಎಂದು ಇಬ್ಬರೂ ಮಾತಾಡಿಕೊಂಡರು. ಬೇಡ ಅನ್ನದೆ ತಗೊಳ್ಳಲಿ ಎಂದು ಅಣ್ಣನಿಗೆ ಹೇಳಿಸಿದ್ದು ನಾನೇ. ತೀರಿಸಲು ಬಿಡುವುದೂ ಒಂದು ಮರ್ಯಾದೆ.

ಆರರ ಬದಲು ಐದೇ ಉಡುಪು ಮುಗಿಯಿತು. ಮೆಂಟರ್ ಜೊತೆ ಮೊದಲೇ ಮಾತಾಡಿ ಒಪ್ಪಿಗೆ ತಗೊಂಡಿದ್ದಳು. ಬಹುಮಾನ ಬರಲಿಲ್ಲ. ಜ್ಯೂರಿಯಲ್ಲಿ ಒಬ್ಬರು ಕೋಟನ್ನು ಒಳಮಗ್ಗುಲು ತಿರುಗಿಸಿ ನೋಡಿ, ಹೊಲಿಗೆಗಳ ಬಗ್ಗೆಯೇ ಹೆಚ್ಚು ಹೊತ್ತು ಕೇಳಿದರು. ಈಗ ವೀಣಾ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ ಮಾಡುವ ಪ್ಯಾಟರ್ನ್ ವಿಭಾಗಕ್ಕೆ ಟ್ರೈನಿಯಾಗಿ ಸೇರಿದ್ದಾಳೆ. ಕೊನೆಯ ಭೇಟಿಯಲ್ಲಿ, ಸಂಬಳ ಉಳಿಸಿ ಗುಜರಾತಿನ ಕಛ್‌ಗೆ ಹೋಗಬೇಕು, ಅಲ್ಲಿ ಅಜ್ರಖ್ ಎನ್ನುವ ಅಚ್ಚಿನ ಬಟ್ಟೆ ಮಾಡುವುದನ್ನು ನೋಡಬೇಕು ಎಂದಳು. ಹೋಗಿ ಬನ್ನಿ, ಒಂದೇ ಊರಿನಲ್ಲಿ ಉಳಿಯಿರಿ, ಮೊದಲ ದಿನ ಫೋನು ಚೀಲದಲ್ಲಿರಲಿ ಎಂದೆ. ಅಣ್ಣನನ್ನೂ ಕರೆದುಕೊಂಡು ಹೋಗಲಾ ಎಂದು ಕೇಳಿದಳು. ಅದು ಅವರಿಬ್ಬರಿಗೆ ಬಿಟ್ಟದ್ದು ಎಂದು ಹೇಳಿ ಫೈಲ್ ಮುಗಿಸಿದೆ.