ಮಾರ್ಸಿಲಿಂಗ್‌ನಲ್ಲಿ ಮನೆ, ಪಕ್ಕದಲ್ಲಿ ಕ್ರಾಂಜಿ

ಸಿಂಗಾಪುರಕ್ಕೆ ಬಂದು ಎರಡೇ ವಾರ ಆಯ್ತು, ಬಾಡಿಗೆ ಕಮ್ಮಿ ಅಂತ ಮಾರ್ಸಿಲಿಂಗ್‌ನಲ್ಲಿ ಎಚ್‌ಡಿಬಿ ಮನೆ (ಇಲ್ಲಿನ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಫ್ಲಾಟ್) ನೋಡಿದೀನಿ, ಆದ್ರೆ ಪಕ್ಕದ ಸ್ಟೇಷನ್ ಕ್ರಾಂಜೀಲಿ ಸ್ಮಶಾನ ಇದೆಯಂತೆ, ಊರಲ್ಲಿ ಅಮ್ಮ ಬೇಡವೇ ಬೇಡ ಅಂತಿದಾರೆ ಅಂತ ಕೇಳಿದೀರ. ಆರಾಮಾಗಿ ಹಿಡೀರಿ. ಆಫೀಸ್ ಸಿಟೀಲಿದ್ರೆ ಟ್ರೈನಲ್ಲಿ ನಿಂತ್ಕೊಂಡೇ ಹೋಗ್ಬೇಕು, ತಲೆನೋವು ಅಂದ್ರೆ ಅದೊಂದೇ.

ಅದು ನಮ್ಮೂರಿನ ಥರ ಸ್ಮಶಾನ ಅಲ್ಲ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆಯಿಂದ ಹೋರಾಡಿದ ಸೈನಿಕರದ್ದು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನವರ ಕೈಗೆ ಬಿತ್ತಲ್ಲ, ಆಮೇಲೆ ಅಲ್ಲಿ ಸೆರೆಯಾಳುಗಳ ಕ್ಯಾಂಪ್ ಇತ್ತು, ಸತ್ತೋರನ್ನ ಜೊತೆಯವರೇ ಅಲ್ಲೇ ಹೂಳ್ತಿದ್ರು, ಯುದ್ಧ ಮುಗಿದ್ಮೇಲೆ ಚಾಂಗಿ ಕಡೆಯ ಗೋರಿಗಳನ್ನೂ ಇಲ್ಲಿಗೇ ತಂದ್ರು. ಈಗ 4,400ಕ್ಕೂ ಜಾಸ್ತಿ ಗೋರಿ ಇದೆ, ಅದ್ರಲ್ಲಿ 850ಕ್ಕೂ ಮೇಲೆ ಯಾರದ್ದು ಅಂತಾನೇ ಗೊತ್ತಿಲ್ಲ, ಕಲ್ಲಿನ ಮೇಲೆ ಹೆಸರಿಲ್ಲ, ಕೆಳಗೆ 'ದೇವರಿಗಷ್ಟೇ ಗೊತ್ತು' ಅನ್ನೋ ಅರ್ಥದ ಒಂದು ಇಂಗ್ಲಿಷ್ ಸಾಲು.

ದಿಬ್ಬದ ಮೇಲೆ ವಿಮಾನದ ರೆಕ್ಕೆ ಥರ ಚಾವಣಿ ಕಾಣುತ್ತೆ, ಅದರ ಕೆಳಗಿನ ಕಂಬಗಳ ತುಂಬ ಗೋರಿಯೇ ಸಿಗದವರ ಹೆಸರು, 24,000ಕ್ಕೂ ಹೆಚ್ಚು. ಮೊದಲನೇ ವರ್ಷ ದೀಪಾವಳಿಗೆ ಊರಿಗೆ ಹೋಗೋಕೆ ರಜಾ ಸಿಗದೇ ಬೇಜಾರಲ್ಲಿದ್ದಾಗ ಸುಮ್ನೆ ಹೋಗಿದ್ದೆ, ಎಲ್ಲಾ ಬಿಳಿಯರ ಹೆಸರೇ ಇರುತ್ತೆ ಅನ್ಕೊಂಡಿದ್ದೆ, ನೋಡಿದ್ರೆ ಸಾಲು ಸಾಲು ಸಿಂಗ್, ಖಾನ್, ರಾಮ್. ನಮ್ಮ ಮೈಸೂರು ಸಂಸ್ಥಾನದ ಇನ್‌ಫೆಂಟ್ರೀನೂ ಆಗ ಸಿಂಗಾಪುರದಲ್ಲೇ ಇತ್ತು ಅಂತ ಗೊತ್ತಾಗಿದ್ದು ಆಮೇಲೆ, ಇಸ್ಕೂಲಲ್ಲಿ ಯಾವ ಮೇಷ್ಟ್ರೂ ಹೇಳಿರ್ಲಿಲ್ಲ ಬಿಡಿ. ಇನ್ನೊಂದ್ಸಲ ಹೋಗಿ ಮೈಸೂರು ಅಂತ ಎಲ್ಲಾದ್ರೂ ಇದೆಯಾ ಅಂತ ಹುಡುಕ್ತಾ ಹುಡುಕ್ತಾ ಕತ್ತು ಹಿಡ್ಕೊಂಡು ವಾಪಸ್ ಬಂದೆ.

ಹಿಂದೂ ಸೈನಿಕರನ್ನ ಸುಟ್ಟಿದ್ರಲ್ಲ, ಸುಟ್ಟೋರಿಗೆ ಗೋರಿ ಎಲ್ಲಿಂದ ಬರ್ಬೇಕು? ಅವರಿಗೇ ಬೇರೆ ಸ್ಮಾರಕ ಇದೆ, ಸುಮಾರು 800 ಜನರದ್ದು, ಹೆಚ್ಚಿನವರು ಆಗಿನ ಭಾರತದ ಸೇನೆಯವರೇ. ನಮ್ಮಮ್ಮ ಬಂದಾಗ ಕರ್ಕೊಂಡು ಹೋಗಿದ್ದೆ. ಯಾರೂ ಹೇಳ್ದೇನೇ ಅದರ ಮುಂದೆ ಚಪ್ಪಲಿ ಬಿಟ್ರು, ಸ್ವಲ್ಪ ಹೊತ್ತು ನಿಂತು "ಇವರಿಗೆಲ್ಲ ತಿಥಿ ಯಾರು ಮಾಡ್ತಾರೋ" ಅಂದ್ರು. ನಾನು ನೀರಿನ ಬಾಟಲ್ ಕೈಗೆ ಕೊಟ್ಟೆ, ಇನ್ನೇನು ಹೇಳ್ಲಿ. ಮನೆಗೆ ಬಂದು ತಲೆಗೆ ಸ್ನಾನಾನೂ ಮಾಡಿದ್ರು, ಅದು ಬಿಡಲ್ಲ ಅವರು.

ನಿಮ್ಮ ಅಮ್ಮ ಬಂದಾಗ ನೀವೂ ಕರ್ಕೊಂಡು ಹೋಗಿ, ಬೆಳಿಗ್ಗೆ ಬೇಗ ಹೋದ್ರೆ ಒಳ್ಳೇದು, ಸ್ಟೇಷನ್‌ನಿಂದ ನಡಕೊಂಡೇ ಹೋಗ್ಬೋದು, ಕೊಡೆ ಮರೀಬೇಡಿ. ಅಂದಹಾಗೆ ಅಗ್ರಿಮೆಂಟ್ ಸೈನ್ ಮಾಡೋ ಮುಂಚೆ ಏರ್‌ಕಾನ್ ಸರ್ವಿಸ್ ಯಾರ ಖರ್ಚು ಅಂತ ಓನರ್ ಹತ್ರ ಕೇಳ್ಕೊಳಿ.